ಯಾರು ನೋಡ್ಯಾರ?

ಕಾಕೂ ಅವರ ಬಲಗಿವಿಯಿಂದ ನೆತ್ತಿಯವರೆಗೆ ಬೆರಳಗಲದ ಒಂದು ಪಟ್ಟೆಯಲ್ಲಿ ಕೂದಲು ತೆಳ್ಳಗಾಗಿ ಚರ್ಮ ಕಾಣುತ್ತಿತ್ತು. ಬೈತಲೆಯನ್ನು ಎಷ್ಟು ಓರೆಯಾಗಿ ತೆಗೆದರೂ ಮುಚ್ಚುತ್ತಿರಲಿಲ್ಲ. ಮೊದಲ ಸಲ ನೋಡಿದವರು ಏನೋ ರೋಗ ಅಂದುಕೊಳ್ಳುತ್ತಿದ್ದರು. ಅದು ಟ್ರಂಕ್ ಕಾಲ್ ಕಾಲದ ಗುರುತು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಲೆಗೆ ಹೆಡ್‌ಫೋನ್ ಬಿಗಿದುಕೊಂಡು ಕೂತ ಆಪರೇಟರ್ ಅವರು.

ಮರಾಠಿ ನಾಡಿನ ಧನಕವಡಿಯ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಕನ್ನಡದವರೆಂದರೆ ಎರಡೇ ಮನೆ. ನಾವು ನಾಲ್ಕನೇ ಮಹಡಿ, ಅವರು ನೆಲಮಹಡಿ. ಹಾಗಾಗಿ ರಕ್ತಸಂಬಂಧವಿಲ್ಲದಿದ್ದರೂ ಅವರು ನನಗೆ ಕಾಕೂ, ಅಂದರೆ ಚಿಕ್ಕಮ್ಮ, ನನ್ನ ಮಗಳಿಗೆ ಅಜ್ಜಿ. ಧಾರವಾಡದಿಂದ ಮದುವೆಯಾಗಿ ಬಂದವರು. ಹೊರಗೆ ಅಪ್ಪಟ ಮರಾಠಿ, ಹೊಸ್ತಿಲು ದಾಟಿದರೆ ಅಷ್ಟೇ ಅಪ್ಪಟ ಧಾರವಾಡ. ಅವರ ಗಂಡ ಕಾಕಾ ತೀರಿಕೊಂಡ ಮೇಲೆ ಒಬ್ಬರೇ ಇದ್ದರು ಅನ್ನುವುದು ಹೆಸರಿಗೆ. ಅವರ ಮನೆಯಲ್ಲಿ ಯಾರಾದರೊಬ್ಬರು ಚಹಾ ಕುಡಿಯುತ್ತ ಕೂತೇ ಇರುತ್ತಿದ್ದರು.

ಫೋನಿನಲ್ಲಿ ಬಂದ ಯಾವುದೇ ಸುದ್ದಿಯನ್ನು ಓದಿ ಹೇಳಿದರೆ ಅವರದು ಒಂದೇ ಪ್ರಶ್ನೆ: "ಯಾರು ನೋಡ್ಯಾರ?"

"ಎಲ್ಲಾರೂ ಹೇಳ್ಲಿಕ್ಹತ್ಯಾರ ಕಾಕೂ."

"ಹೇಳ್ಲಿ. ನೋಡಿದಾಂವ ಯಾರು?"

ಇಷ್ಟು ಹೇಳಿ ಸುಮ್ಮನಾಗುವ ಹೆಂಗಸಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿ, ಒಂದು ಮೋಟು ಪೆನ್ಸಿಲ್, ಮತ್ತು ಫೋನು. ನಿಮಗೆ ಯಾರು ಕಳಿಸಿದರು? ಅವರಿಗೆ ಯಾರು? ಹಿಂದೆ ಟ್ರಂಕ್ ಕಾಲಿನಲ್ಲಿ ಬೆಳಗಾವಿಯ ದನಿ ಕೇಳದಿದ್ದರೆ ಮೊದಲು ಸಾತಾರಾದವರನ್ನು ವಿಚಾರಿಸಬೇಕಿತ್ತಂತೆ, ಆಮೇಲೆ ಕೊಲ್ಹಾಪುರದವರನ್ನು. ಹೀಗೆ ಒಂದೊಂದೇ ಊರು ದಾಟಿ ಲೈನ್ ಎಲ್ಲಿ ಕೆಟ್ಟಿದೆ ಎಂದು ಹುಡುಕಬೇಕು. ಸುದ್ದಿಗೂ ಅವರದು ಅದೇ ಪದ್ಧತಿ.

ಒಮ್ಮೆ ಉಪ್ಪು ಇನ್ನು ಸಿಗುವುದಿಲ್ಲ ಎಂಬ ಗುಲ್ಲೆದ್ದಿತು. ಪಿಂಪ್ರಿಯ ಕಾರ್ಖಾನೆಯಲ್ಲಿ ದೊಡ್ಡ ದೊಡ್ಡ ಯಂತ್ರಗಳನ್ನು ದುರಸ್ತಿ ಮಾಡಿಸುವ ನನ್ನ ಗಂಡ ಹನ್ನೆರಡು ಪಾಕೀಟು ಉಪ್ಪು ಹೊತ್ತು ತಂದ. ಕಾಕೂ ನಾಲ್ಕು ಫೋನ್ ಮಾಡಿ ಒಬ್ಬ ಕಿರಾಣಿ ಅಂಗಡಿಯವನವರೆಗೆ ತಲುಪಿದರು. ಅವನ ಅಂಗಡಿಗೆ ಆ ದಿನ ಉಪ್ಪಿನ ಗಾಡಿ ಎರಡು ತಾಸು ತಡವಾಗಿತ್ತು, ಅಷ್ಟೇ. "ಏನ್ರಿ ಎಂಜಿನಿಯರ್ ಸಾಹೇಬ್ರ, ಸಮುದ್ರ ಬತ್ತಿತೇನು?" ಎಂದು ನನ್ನ ಗಂಡನನ್ನು ವರ್ಷಗಟ್ಟಲೆ ಕಾಡಿದರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುವ ಯೋಗ್ಯತೆ ನನಗೆಷ್ಟಿತ್ತು ಎಂಬುದು ಆಮೇಲೆ ತಿಳಿಯಿತು.

ಮಗಳಿಗೆ ಐದು ತುಂಬಿದ ವರ್ಷ ಕಾಕೂ, "ಕೂಸಿಗೊಂದು ಕೌದಿ ಹೊಲಸೂಣು, ನಿನ್ನ ಹಳೇ ಸೀರಿ ಕೊಡು" ಅಂದರು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಸೂಜಿಯಲ್ಲಿ ಹೊಲಿಯುವ ಕೌದಿ ಇಲ್ಲದೆ ನಮ್ಮ ಕಡೆ ಮಕ್ಕಳು ಬೆಳೆಯುವುದಿಲ್ಲ. ಮನೆಯ ಹೆಂಗಸರ ಸೀರೆಯೇ ಆಗಬೇಕು, ಅದರ ಮೆದುತನವೇ ಬೇರೆ. ನೂಲಿನ ಮೂರು ಸೀರೆ ಕೊಟ್ಟು ಮರೆತುಬಿಟ್ಟೆ. ಹೊಲಿಯುವವರನ್ನು ಹುಡುಕುವುದು ಅವರ ಕೆಲಸವಾಗಿತ್ತು.

ಅದೇ ದಿನಗಳಲ್ಲಿ ನಮ್ಮ ಕನ್ನಡ ಭಜನಾ ಗುಂಪಿಗೆ ಒಂದು ಮೆಸೇಜು ಬಂತು. ತಲೆಯ ಮೇಲೆ ಗಂಟು ಹೊತ್ತ ಹೆಂಗಸರು ತಿರುಗುತ್ತಿದ್ದಾರೆ, ಮಕ್ಕಳನ್ನು ಹೊತ್ತೊಯ್ಯುತ್ತಾರೆ, ಹುಷಾರು ಎಂದು. ಓದುತ್ತಿದ್ದಂತೆ ನೆನಪಾಯಿತು. ಮಂಗಳವಾರ ಆಫೀಸಿಗೆ ಹೊರಟಾಗ ನಮ್ಮ ಗೇಟಿನಲ್ಲೇ ಅಂಥ ಒಬ್ಬಳು ವಾಚ್‌ಮನ್ ಹತ್ತಿರ ಏನೋ ಕೇಳುತ್ತ ನಿಂತಿದ್ದಳಲ್ಲ! ಮೆಸೇಜನ್ನು ಮರಾಠಿಗೆ ಮಾಡಿ ಮಗಳ ಶಾಲೆ ವ್ಯಾನಿನ ತಾಯಂದಿರ ಗುಂಪಿಗೆ ಹಾಕಿದೆ. ಕೊನೆಗೆ ನನ್ನದೊಂದು ಸಾಲು ಸೇರಿಸಿದೆ: "ಧನಕವಡಿಗೂ ಬಂದಿದ್ದಾಳೆ. ನಾನೇ ಕಣ್ಣಾರೆ ನೋಡಿದೆ."

ಎರಡೇ ದಿನಕ್ಕೆ ಅದೇ ಮೆಸೇಜು ಊರೆಲ್ಲ ಸುತ್ತಿ, ಮೈಕೈ ತುಂಬಿಕೊಂಡು, ನಮ್ಮ ಸೊಸೈಟಿಯ ಗುಂಪಿಗೆ ಬಂದು ಬಿತ್ತು. ಯಾರದೆಂದು ಹೆಸರಿಲ್ಲ. "ನಾನೇ ಕಣ್ಣಾರೆ ನೋಡಿದೆ" ಎಂಬ ಸಾಲು ಮಾತ್ರ ಹಾಗೇ ಇತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅದು ನನ್ನದೇ ಎಂದು ನನಗೆ ಹೊಳೆಯಲಿಲ್ಲ. ನೋಡು, ಇನ್ನೊಬ್ಬರೂ ನೋಡಿದ್ದಾರೆ, ಹಾಗಾದರೆ ನಿಜ ಎಂದು ಮಗಳನ್ನು ಆಟಕ್ಕೆ ಕಳಿಸುವುದನ್ನೇ ನಿಲ್ಲಿಸಿದೆ.

ಶನಿವಾರ ಬೆಳಿಗ್ಗೆ ಕೆಳಗೆ ಗದ್ದಲ ಕೇಳಿ ಇಳಿದು ಹೋದೆ. ಗೇಟಿನ ಹತ್ತಿರ ಹದಿನೈದು ಜನ. ನಡುವೆ ಅದೇ ಹೆಂಗಸು, ಐವತ್ತರ ಆಸುಪಾಸು. ಗಂಟನ್ನು ವಾಚ್‌ಮನ್ ಕಸಿದಿಟ್ಟುಕೊಂಡಿದ್ದ. ಒಬ್ಬ ವಿಡಿಯೋ ಮಾಡುತ್ತಿದ್ದ, ಇನ್ನೊಬ್ಬ ಅವಳ ರಟ್ಟೆ ಹಿಡಿದಿದ್ದ. "ನಾ ಏನ್ ಮಾಡೀನ್ರಿ ಯಪ್ಪಾ?" ಎಂದು ಅವಳು ಕನ್ನಡದಲ್ಲಿ ಅತ್ತಷ್ಟೂ, ಭಾಷೆ ತಿಳಿಯದವರ ಸಿಟ್ಟು ಏರುತ್ತಿತ್ತು. ಯಾರೋ ಕೈ ಎತ್ತಿಯೂ ಆಗಿತ್ತು.

ಅಷ್ಟರಲ್ಲಿ ಕಾಕೂ ಬಂದರು. ಕೂಗಾಡಲಿಲ್ಲ. ರಟ್ಟೆ ಹಿಡಿದವನ ಕೈಯನ್ನು ಬಿಡಿಸಿ, ಅವಳನ್ನು ವಾಚ್‌ಮನ್ನನ ಬೆಂಚಿನ ಮೇಲೆ ಕೂಡಿಸಿ, ತಾವೂ ಅವಳಿಗಂಟಿಕೊಂಡು ಕೂತರು. ಇನ್ನು ಅವಳಿಗೆ ಹೊಡೆಯಬೇಕಾದರೆ ಇವರಿಗೂ ತಾಗಬೇಕು. "ಪೊಲೀಸರನ್ನು ಕರೆಯಿರಿ, ಬೇಡ ಅನ್ನುವುದಿಲ್ಲ" ಎಂದು ಮರಾಠಿಯಲ್ಲಿ ಹೇಳಿದರು. "ಆದರೆ ಅವರು ಸಾಕ್ಷಿ ಕೇಳುತ್ತಾರೆ. ಕಣ್ಣಾರೆ ನೋಡಿದವರು ಯಾರು?"

ಎಲ್ಲರೂ ಚೇರ್ಮನ್ನರ ಮುಖ ನೋಡಿದರು. ಮೆಸೇಜು ಹಾಕಿದ್ದು ಅವರು. ಅವರಿಗೆ ಎರಡನೇ ಮಹಡಿಯ ಶಿಕ್ಷಕಿ ಕಳಿಸಿದ್ದರಂತೆ. ಶಿಕ್ಷಕಿಗೆ ಮಗರಪಟ್ಟಾದ ನಾದಿನಿ. ಕಾಕೂ ಸ್ಪೀಕರ್ ಹಚ್ಚಿ ನಾದಿನಿಗೆ ಫೋನ್ ಮಾಡಿದರು. "ನನ್ನ ಆಫೀಸಿನ ಗೆಳತಿ ಕಳಿಸಿದಳು. ಅವಳ ಮಗನ ವ್ಯಾನ್ ಗುಂಪಿನಲ್ಲಿ ಬಂದಿತ್ತಂತೆ, ನಿಮ್ಮ ಧನಕವಡಿಯದೇ ವ್ಯಾನು" ಎಂದಳು ಆಕೆ.

ಆಗ ನನಗೆ ಹೊಳೆಯಿತು.

ಗೆಳತಿಯ ನಂಬರ್ ಸಿಕ್ಕಿತು. ಈ ಸಲ ಕಾಕೂ ಸ್ಪೀಕರ್ ಹಚ್ಚಲಿಲ್ಲ. ಫೋನನ್ನು ಬಲಗಿವಿಗೆ ಒತ್ತಿಕೊಂಡು ಕೇಳಿದರು, ಸರಿ ಎನ್ನುವಂತೆ "ಬರಂ" ಅಂದು ಇಟ್ಟರು. ಅವರು ಯಾವಾಗಲೂ ಹೇಳುತ್ತಿದ್ದರು, "ನಾವು ಆಪರೇಟರ್ ಮಂದಿ, ಎಲ್ಲಾ ಕೇಳಸ್ತದ, ಯಾರಿಗೂ ಹೇಳಂಗಿಲ್ಲ" ಎಂದು. ಆವತ್ತೂ ಹೇಳಲಿಲ್ಲ. ನನ್ನ ಕಡೆ ನೋಡಿ, ಕನ್ನಡದಲ್ಲಿ, ಮೆಲ್ಲಗೆ, "ಲೈನ್ ಇಲ್ಲೇ ಬಂದು ನಿಂತದ ನೋಡವಾ" ಅಂದರು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಹೆಂಗಸಿನ ರಟ್ಟೆಯ ಮೇಲೆ ಐದು ಬೆರಳಿನ ಗುರುತು ಕೆಂಪಗೆ ಎದ್ದಿತ್ತು, ಮತ್ತು ಜನ ಇನ್ನೂ ಚದುರಿರಲಿಲ್ಲ. ಹೇಗೋ ಮರಾಠಿಯಲ್ಲಿ ಹೇಳಿದೆ: "ಅದನ್ನು ಬರೆದದ್ದು ನಾನು. ಗಂಟು ಹೊತ್ತ ಹೆಂಗಸೊಬ್ಬಳು ಗೇಟಿನಲ್ಲಿ ನಿಂತದ್ದನ್ನು ನೋಡಿದೆ. ಅಷ್ಟೇ ನೋಡಿದ್ದು. ಇವರೇನೂ ಮಾಡಿಲ್ಲ."

ಚೇರ್ಮನ್ನರು ಮುಖಕ್ಕೆ ಹೊಡೆದಂತೆ ಬೈದರು, ಬೈಸಿಕೊಂಡೆ. ವಿಡಿಯೋ ಮಾಡುತ್ತಿದ್ದವನು ಫೋನನ್ನು ಜೇಬಿಗಿಳಿಸಿದ. ಕಾಕೂ ಅವನನ್ನು ಕರೆದು, ವಿಡಿಯೋವನ್ನು ತಮ್ಮೆದುರೇ ಅಳಿಸಿಸಿದರು. ವಾಚ್‌ಮನ್ ಗಂಟು ಬಿಚ್ಚಿದ. ಒಳಗೆ ಒಂದು ಕತ್ತರಿ, ದಾರದ ಉಂಡೆ, ಬಟ್ಟೆಯಲ್ಲಿ ಸುತ್ತಿದ ಎರಡು ರೊಟ್ಟಿ. ಅದರ ಕೆಳಗೆ, ಅರ್ಧ ಹೊಲಿದ ಕೌದಿಯಲ್ಲಿ, ನನ್ನದೇ ಹಸಿರು ಇಳಕಲ್ ಸೀರೆ. ಮಂಗಳವಾರ ಅವಳು ಕೇಳುತ್ತಿದ್ದದ್ದು ಕಾಕೂ ಅವರ ಮನೆ ಎಲ್ಲಿ ಎಂದು. ಇವಳು ಕೌದಿಯವಳು ಎಂದು ಕಾಕೂ ಮೊದಲೇ ಹೇಳಿದ್ದರೂ ಆ ಸಿಟ್ಟಿನಲ್ಲಿ ಯಾರೂ ನಂಬುತ್ತಿರಲಿಲ್ಲ.

"ಅಕ್ಕಾರ, ಸ್ವಲ್ಪ ನೀರ ಕೊಡ್ರಿ" ಎಂದಳು ಅವಳು, ನನಗೇ. ಓಡಿದೆ. ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ, ಚೊಂಬು ತುಂಬಿಕೊಂಡು ಇಳಿಯುವಾಗ ಅಳು ಬಂತು. ದುಃಖದ್ದಲ್ಲ. ನೀರು ಕೇಳಲು ಅವಳು ಇದ್ದಳಲ್ಲ, ಆ ಸಮಾಧಾನದ್ದು.

ಕಾಕೂ ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಉಪ್ಪಿಗಾಗಿ ನನ್ನ ಗಂಡನನ್ನು ಅಷ್ಟು ಕಾಡಿದವರು ನನಗೊಂದು ಚುಚ್ಚುಮಾತೂ ಆಡಲಿಲ್ಲ. ಆಡಿದ್ದರೆ ಹಗುರಾಗುತ್ತಿತ್ತೋ ಏನೋ. ಆವತ್ತು ಮಧ್ಯಾಹ್ನ ಮಾತ್ರ ಕೌದಿಯವಳು, ಮಗಳು, ನಾನು, ಮೂವರನ್ನೂ ಕೂಡಿಸಿ ಊಟಕ್ಕೆ ಬಡಿಸಿ, "ಹೊಟ್ಟಿ ತುಂಬ ಉಣ್ಣು, ಎಲ್ಲಾ ಸುಸೂತ್ರ ಆತಲ್ಲ" ಎಂದು ನನ್ನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು.

ಎರಡು ವರ್ಷದ ಹಿಂದೆ ಬೆಳಗಾವಿಯ ತಂಗಿಯ ಮನೆಗೆ ಹೋದ ಕಾಕೂ ಹೊಳ್ಳಿ ಬರಲಿಲ್ಲ. ಆ ಸುದ್ದಿಯೂ ಸೊಸೈಟಿಯ ಗುಂಪಿಗೇ ಬಂತು. ಸುಳ್ಳಿರಲಿ ಎಂದು ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಹಿಂದಕ್ಕೆ ಹೋದೆ. ಕೊನೆಗೆ ಅವರ ತಂಗಿಯೇ ಎತ್ತಿದರು. "ನಾನ ನೋಡೀನವಾ. ನನ್ನ ಕೈಯಾಗ ನೀರು ಕುಡದು, ನಿದ್ದಿಯೊಳಗ ಹೋದಳು. ಏನೂ ತ್ರಾಸ ಪಡಲಿಲ್ಲ" ಅಂದರು. ನಂಬಲೇಬೇಕಾಯಿತು.

ಕೌದಿಯವಳು ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ, ನೇರ ನಾಲ್ಕನೇ ಮಹಡಿಗೆ. ಕಳೆದ ತಿಂಗಳು ಬಂದು ನಮ್ಮ ಹಾಲಿನಲ್ಲಿ ಕಾಲು ಚಾಚಿ ಕೂತಿದ್ದಳು. ಅವಳ ಕಣ್ಣು ಈಗ ಮಂಜು, ನನ್ನ ಮಗಳೇ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅವಳು ಮಗಳ ಗಲ್ಲ ಸವರಿ ದೃಷ್ಟಿಯಾಗದಿರಲೆಂದು ಲಟಿಕೆ ಮುರಿದಳು. ಅಡುಗೆಮನೆಯ ಬಾಗಿಲಲ್ಲಿ ಚಹಾದ ಲೋಟ ಹಿಡಿದು ನಿಂತಿದ್ದೆ. ಯಾರು ನೋಡ್ಯಾರ ಎಂದು ಕಾಕೂ ಕೇಳಿದರೆ ಇದಕ್ಕೆ ನಾನು ಉತ್ತರ ಕೊಡಬಲ್ಲೆ. ನಾನೇ, ಕಣ್ಣಾರೆ ನೋಡಿದೆ.