ಕೊಡುವುದು ಬೇರೆ ಇರಬೇಕು

ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ವಾಸನೆ ಮೂಗಿಗೆ ಬಿದ್ದರೆ ನಾನು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವಳಲ್ಲ. ಮೊನ್ನೆ ಹಾಕಿಕೊಂಡೆ. ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಮೊಮ್ಮಗಳು ನಂದಿನಿಗೆ ಮಾರನೆಯ ದಿನ ಚಾಮರಾಜನಗರದ ಕಾಲೇಜಿನಲ್ಲಿ ಕಂಪ್ಯೂಟರ್ ಪರೀಕ್ಷೆಯಿತ್ತು. ಹುಳದ ಮನೆಯಲ್ಲಿ ನನ್ನ ಪಕ್ಕ ಕೂತು ಗಟ್ಟಿಯಾಗಿ ಓದುತ್ತಿದ್ದಳು. ಅರ್ಧ ಇಂಗ್ಲಿಷು, ಅರ್ಧ ಗೊಣಗಾಟ.

"ಏನಮ್ಮಿ ಅದು, ಒಂದನ್ನೇ ಅತ್ತು ಸಲ ಏಳ್ತಿದ್ದೀಯಲ್ಲ?" ಎಂದೆ.

"ಮೆಥಡ್ ಓವರ್‌ಲೋಡಿಂಗ್ ಅಜ್ಜಿ. ಮೆಥಡ್ ಅಂದ್ರೆ ಒಂದು ಕೆಲ್ಸ ಅಂದ್ಕೊ. ಒಂದೇ ಹೆಸ್ರಲ್ಲಿ ನಾಕೈದು ಕೆಲ್ಸ ಬರ್ದಿಡ್ಬೋದು. ಕರೆಯುವಾಗ ಏನು ಕೊಟ್ಟೆ ಅಂತ ನೋಡ್ಕಂಡು, ಅದಕ್ಕೆ ಸರಿಯಾದ್ದನ್ನ ಕಂಪ್ಯೂಟರೇ ಆರಿಸ್ಕತದೆ."

ನಾನು ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು. ಆದರೂ ನಗು ಬಂತು. "ಇದ ಕಲಿಯಕ್ಕೆ ದಿನಾ ಬಸ್ಸತ್ತಿ ಓಗ್ತೀಯಾ? ಸೊಪ್ಪು ಆಕೋದು ಅಂಗೇ ತಾನೇ?"

ನೀವು ಹುಳ ಸಾಕಿಲ್ಲದಿದ್ದರೆ ಹೇಳುತ್ತೇನೆ. ಸೊಪ್ಪು ಹಾಕು ಎನ್ನುವುದು ಒಂದೇ ಮಾತು. ತಟ್ಟೆಯಲ್ಲಿ ಮೊಟ್ಟೆಯೊಡೆದ ಮರಿ ಇದ್ದರೆ ಎಳೆ ಸೊಪ್ಪನ್ನು ನೂಲಿನ ಹಾಗೆ ಹೆಚ್ಚಿ ಉದುರಿಸಬೇಕು. ಬೆರಳುದ್ದದ ಹುಳ ಇದ್ದರೆ ಎಲೆಯನ್ನು ಹಾಗೇ ಸುರಿಯಬೇಕು. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ಸೊಪ್ಪು ತೋರಿಸಲೂ ಬಾರದು, ಮುಟ್ಟಲೂ ಬಾರದು. ಕೆಲಸದ ಹೆಸರು ಬದಲಾಗುವುದಿಲ್ಲ, ತಟ್ಟೆ ನೋಡಿ ಕೈ ಬದಲಾಗುತ್ತದೆ.

"ನೀನೇ ಬಂದು ಪರೀಕ್ಷೆ ಬರ್ದ್ಬುಡು ಅಜ್ಜಿ," ಎಂದಳು ನಂದಿನಿ.

ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಜಾಣೆ ಅನ್ನಿಸಿಕೊಂಡ ಮೇಲೆ ಇನ್ನೊಂದು ಪ್ರಶ್ನೆ ಕೇಳುವ ಚಪಲ. "ಸರಿ, ಕೊಡೋದು ಅದನ್ನೇ ಕೊಟ್ಟು, ಬರೋದು ಮಾತ್ರ ಬೇರೆ ಬರ್ಲಿ ಅಂದ್ರೆ?"

"ಆಗಲ್ಲ. ಬರೋದು ಬೇರೆ ಅಂತ ಎರಡು ಬರ್ದಿಟ್ರೆ ಕಂಪ್ಯೂಟರ್ ಒಪ್ಪಲ್ಲ. ಕೊಡೋದು ಬೇರೆ ಇರ್ಬೇಕು."

ಆಗ ಒಳಬಾಗಿಲಲ್ಲಿ ನನ್ನ ಸೊಸೆ, ನಂದಿನಿಯ ತಾಯಿ ಮಂಗಳ, ಸೊಪ್ಪಿನ ಹೊರೆ ಇಳಿಸುತ್ತಿದ್ದಳು. "ಬಾಗ್ಲಾಕು, ಊಜಿ ನೊಣ ಬಂದಾತು," ಎಂದೆ. ಊಜಿ ನೊಣ ಒಂದು ಒಳಗೆ ಬಂದು ಹುಳದ ಮೇಲೆ ಮೊಟ್ಟೆಯಿಟ್ಟರೆ ಬೆಳೆ ಹೋದಂತೆ.

"ಸರಿ ಅತ್ತೆ," ಎಂದು ಮಂಗಳ ಬಾಗಿಲು ಹಾಕಿದಳು.

ಈ ‘ಸರಿ ಅತ್ತೆ’ ಎನ್ನುವ ಮಾತಿಗೆ ಹದಿನಾರು ವರ್ಷ. ಬೈದರೂ ಸರಿ ಅತ್ತೆ, ಹೊಸ ಸೀರೆ ಕೊಟ್ಟರೂ ಸರಿ ಅತ್ತೆ. ಮೊದಲು ಹೀಗಿರಲಿಲ್ಲ. ಗುಂಡ್ಲುಪೇಟೆ ದಾಟಿ ಕೇರಳದ ದಾರಿಯಲ್ಲಿರುವ ಮದ್ದೂರಿನ ಹುಡುಗಿ, ಬಾಯಿ ಜೋರು. ಸಾರಿಗೆ ಉಪ್ಪು ಸಾಲದು ಎಂದರೆ, "ನೀವು ಬೈಯೋದ್ಕೆ ಉಪ್ಪೂ ಎದ್ರಿ ಕರ್ಗೋಗ್ಬುಡ್ತು ಅತ್ತೆ," ಎನ್ನುತ್ತಿದ್ದಳು. ಅಪ್ಪಿತಪ್ಪಿ ಹೊಗಳಿದರೆ, "ಯಾಕತ್ತೆ, ಮೈ ಸರಿಗಿಲ್ವಾ?"

ನಂದಿನಿ ಆಗ ಸೊಂಟದ ಮೇಲಿನ ಕೂಸು. ಹುಳಕ್ಕೆ ಕೊನೆಯ ವಾರದ ಮೇವು ನಡೆದಿತ್ತು. ಆ ವಾರ ಹುಳ ಹಗಲೂ ರಾತ್ರಿ ಮೇಯುತ್ತದೆ. ಎರಡು ಹೊತ್ತು ತಪ್ಪಿದರೆ ಗೂಡು ಜೊಳ್ಳು. ಮಗ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಿದ್ದ. ಹುಳದ ಮನೆಗೆ ಇದ್ದದ್ದು ನಾವಿಬ್ಬರೇ. ಮಂಗಳಳ ಅಣ್ಣ ಫೋನ್ ಮಾಡಿದ. ಅವರವ್ವನಿಗೆ ಕಾಯಿಲೆ ಜೋರಾಗಿದೆ, ಮಗಳನ್ನು ಕೇಳುತ್ತಿದ್ದಾಳೆ.

"ಒಂದಿನ ಅತ್ತೆ. ಮೊಕ ನೋಡ್ಕಂಡು ಬಂದ್ಬುಡ್ತೀನಿ."

"ನೀನೋದ್ರೆ ನಿಮ್ಮಣ್ಣ ಬಂದು ಸೊಪ್ಪು ಆಕ್ತಾನಾ? ಇನ್ನು ನಾಕ್ ದಿನ. ಉಳ ಗೂಡು ಕಟ್ಲಿ, ಆಮೇಲೋಗಿವಂತೆ."

ಅವಳು ಅಳಲಿಲ್ಲ. ತಲೆಯೆತ್ತಿ ಸುಮ್ಮನೆ ನಿಂತಳು. ಅಂಥ ಹುಳ ಕಂಡರೆ ದೂರ ಸರಿಯುವ ನಾನು ಅವಳ ಕೈಗೆ ಸೊಪ್ಪಿನ ಮಂಕರಿ ಕೊಟ್ಟೆ.

ಮೂರನೇ ದಿನ ಅವರವ್ವ ತೀರಿಕೊಂಡಳು. ಮಣ್ಣು ಮುಗಿಸಿ ಮಂಗಳ ಬಂದಾಗ ಹುಳ ಗೂಡು ಕಟ್ಟುತ್ತಿದ್ದವು. ಸೂತಕದವರು ಹುಳದ ಮನೆ ಹೊಕ್ಕರೆ ಬೆಳೆ ಕೆಡುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹೊಸ್ತಿಲಲ್ಲೇ ಕೈ ಅಡ್ಡ ಹಿಡಿದೆ. "ಒಳಿಕ್ ಬರ್ಬ್ಯಾಡ ಕಣಮ್ಮಿ."

"ಸರಿ ಅತ್ತೆ," ಎಂದಳು. ಅದೇ ಮೊದಲನೆಯದು.

ಆ ಸಲ ಗೂಡು ಚೆನ್ನಾಗಿ ಬಂದವು. ಅದೇ ನನಗೆ ಕಷ್ಟವಾದದ್ದು. ಕೆಟ್ಟಿದ್ದರೆ ಹಣೆಬರಹವನ್ನಾದರೂ ಬೈದುಕೊಂಡು ಒಟ್ಟಿಗೆ ಕೂರುತ್ತಿದ್ದೆವು.

ಹದಿನಾರು ವರ್ಷ ಅವಳಿಂದ ಬೇರೆ ಮಾತಿಗೆ ಕಾದೆ. ನಾನು ಕೊಟ್ಟದ್ದು ಮಾತ್ರ ಅದೇ. ಸೊಪ್ಪು ತಾ, ನೀರು ಕಾಯಿಸು, ಬಾಗಿಲು ಹಾಕು. ಸೀರೆಯನ್ನೂ ತಗೋ ಎಂದು ಕೆಲಸ ಹೇಳಿದ ಹಾಗೇ ಕೊಟ್ಟೆ.

ಮಾರನೆಯ ದಿನ ನಂದಿನಿ ಪರೀಕ್ಷೆಗೆ ಹೋದಳು. ಸಂಜೆ ಮಂಗಳಳೂ ನಾನೂ ಮೇವು ಹಾಕುತ್ತಿದ್ದೆವು.

"ಮಂಗಳಾ, ಅವತ್ತು ನಾನು ನಿನ್ನ ಕಳಿಸ್ಬೇಕಿತ್ತು ಕಣಮ್ಮಿ. ತಪ್ಪು ಮಾಡ್ಬುಟ್ಟೆ. ನಿಮ್ಮವ್ವ ಬಾಳ ಕೇಳಿದ್ಲಾ?"

ಅವಳ ಕೈ ನಿಂತಿತು. ‘ಸರಿ ಅತ್ತೆ’ ಬರುತ್ತದೆ ಎಂದು ಕಾದೆ. ಬರಲಿ ಎಂದು ಬೇಡಿಕೊಂಡೆ ಅಂದರೂ ಸುಳ್ಳಲ್ಲ.

"ಮೂರು ದಿನವೂ ಬಸ್ ಸದ್ದಾದಾಗೆಲ್ಲ ಬಾಗ್ಲು ತೆಗಿಸ್ತಿದ್ಲಂತೆ ಅತ್ತೆ," ಎಂದಳು. ತಟ್ಟೆಗೆ ಒಂದು ಹಿಡಿ ಸೊಪ್ಪು ಹರಡಿ, "ಕೊನೆಗೆ ಮುಚ್ಚಕ್ಕೇ ಬುಡ್ನಿಲ್ವಂತೆ."

ಇಬ್ಬರೂ ಸೊಪ್ಪು ಹಾಕಿದೆವು. ಹುಳ ಮೇಯುವ ಸದ್ದು ತುಂಬಿಕೊಂಡಿತು.

ಅಷ್ಟರಲ್ಲಿ ರಸ್ತೆಯಲ್ಲಿ ಚಾಮರಾಜನಗರದ ಬಸ್ಸು ಬಂದ ಸದ್ದಾಯಿತು, ನಂದಿನಿಯ ಬಸ್ಸು. ಮಂಡಿ ಹಿಡಿದುಕೊಂಡು ಎದ್ದು ಹೋಗಿ ಹುಳದ ಮನೆಯ ಬಾಗಿಲು ಪೂರ್ತಿ ತೆಗೆದೆ. ಊಜಿ ನೊಣ ಬರುತ್ತದೆ ಎಂದು ಮಂಗಳ ಹೇಳಲಿಲ್ಲ.