ಆನೆಗೊಂದಿಯ ಕಟ್ಟೆ, ಇಂಗ್ಲಿಷರ ವರಾಂಡ

ಆನೆಗೊಂದಿಯ ಒಂದು ಮನೆಯ ಮುಂದೆ ಕಂಬಸಾಲಿನ ಕಟ್ಟೆ. ಅದರ ನೆರಳಲ್ಲಿ ಓಣಿಯ ಹೆಂಗಸರು ಬಾಳೆನಾರು ಹೆಣೆಯುತ್ತಿದ್ದರು. ಅವರನ್ನು ಎಬ್ಬಿಸಲು ಮನೆಯ ಯಜಮಾನ ಸುತ್ತಿಗೆ ಹಿಡಿದ ಗೌಂಡಿಯೊಡನೆ ಬಂದ. ಹಳೆಯ ಮನೆಗಳನ್ನು ನೋಡುತ್ತ ಆ ಓಣಿಗೆ ಬಂದಿದ್ದ ನಾನು, ಏನು ಕೆಲಸವೆಂದು ಅವನನ್ನು ಕೇಳಿದೆ.

“ಇದನ್ನ ಒಡದು, ಗ್ರಿಲ್ ಹಾಕಿ, ಇಂಗ್ಲಿಷರಂಗ ವರಾಂಡ ಮಾಡಸ್ತೀನ್ರಿ ಅಜ್ಜಾರ.”

“ವರಾಂಡ ಇಂಗ್ಲಿಷರದು ಅಂತ ಯಾರಪಾ ಹೇಳಿದ್ದು?”

“ಎಲ್ಲಾರೂ ಹೇಳ್ತಾರ್ರಿ.”

ನನಗೆ ಮೈಯೆಲ್ಲ ಉರಿಯಿತು. ತಮ್ಮ ದೇಶದ ಗಿರಣಿಗಳ ಹೊಗೆಗೆ ಬೇಸತ್ತ ಇಂಗ್ಲಿಷರೇ ನಮ್ಮ ಬಂಗಲೆಯನ್ನು ವರಾಂಡದ ಸಮೇತ ಒಯ್ದು ತಮ್ಮ ಕಡಲತೀರದಲ್ಲಿ ಕಟ್ಟಿಕೊಂಡರು. ಅವರು ನಮ್ಮಿಂದ ಕಲಿತದ್ದನ್ನು ಅವರದೆಂದು ನಂಬಿ, ನಾವು ನಮ್ಮದನ್ನೇ ಒಡೆಯಬೇಕೆ? ಹೋಗಿ ಕಟ್ಟೆಯ ನಡುವೆ ಕುಳಿತೆ.

“ಏಳ್ರಿ ಅಜ್ಜಾರ, ಕೆಲಸ ಕೆಡತೈತಿ.”

“ಕೆಡ್ಲಿ ಬಿಡಪಾ.”

ಗೌಂಡಿ ಸುತ್ತಿಗೆಯನ್ನು ಕೆಳಗಿಟ್ಟ. ಹೆಂಗಸರಲ್ಲಿ ಹಿರಿಯಳು ನಾರಿನ ಕಟ್ಟನ್ನು ಸರಿಸಿ ಜಾಗ ಮಾಡಿದಳು. “ಗ್ವಾಡಿಗೆ ಒರಗಿ ಕುಂದರ್ರಿ ಯಜ್ಜಾ. ಈ ಯಜಮಾನ ಸಂಜಿತನಾ ಹೋಗಂಗಿಲ್ಲ.”