ಮದುವೆಯ ಬೆಳಿಗ್ಗೆ ತೊಳೆದ ಎಂಜಿನ್

"ಹಳೇ ಕಾರಲ್ಲಿ ಗಾಳಿ ಒಳಗೆ ಹೋಗ್ತಾ ಪೆಟ್ರೋಲನ್ನ ತಾನೇ ಎಳ್ಕೊಂಡು ಹೋಗ್ತಿತ್ತು ಅಕ್ಕ. ಹೊಸದ್ರಲ್ಲಿ ಹಾಗಲ್ಲ. ಪಂಪು ಪೆಟ್ರೋಲನ್ನ ಒತ್ತಿ ತಂದು ಬಾಗಿಲಲ್ಲಿ ನಿಲ್ಲಿಸಿರುತ್ತೆ. ಬಾಗಿಲು ಅಂದ್ರೆ ಒಂದು ಪುಟ್ಟ ಕವಾಟ. ಕರೆಂಟು ಬಂದ್ರೆ ತೆರೆಯುತ್ತೆ, ಹೋದ್ರೆ ಮುಚ್ಚುತ್ತೆ. ಎಷ್ಟು ಹೊತ್ತು ತೆರೆದಿರಬೇಕು ಅಂತ ಹೇಳೋದು ಸೀಟಿನ ಕೆಳಗಿರೋ ಪೆಟ್ಟಿಗೆ. ಅದಕ್ಕೆ ಕಣ್ಣಿಲ್ಲ. ಗಾಳಿ ಎಷ್ಟು ಬಂತು ಅಂತ ಒಂದು ತಂತಿ ಹೇಳ್ಬೇಕು, ಎಂಜಿನ್ ಎಷ್ಟು ಬಿಸಿ ಅಂತ ಇನ್ನೊಂದು. ತಣ್ಣಗಿದ್ರೆ ಪೆಟ್ರೋಲು ಜಾಸ್ತಿ, ಬಿಸಿಯಾದ್ರೆ ಕಮ್ಮಿ. ನೀವು ಹಿಟ್ಟಿನ ಹದ ನೋಡ್ಕೊಂಡು ನೀರು ಹಾಕಲ್ವಾ, ಹಾಗೇ."

ಕೆಳಗಿನ ಮನೆಯ ವೆಂಡೆಲಿನ್ ಇದನ್ನು ನನಗೆ ಎಷ್ಟು ಸಲ ಹೇಳಿದ್ದನೋ. ಸ್ಟುಟ್‌ಗಾರ್ಟಿನ ಕಾರ್ಖಾನೆಯಲ್ಲಿ ಆ ಕವಾಟಗಳು ಸರಿಯಾಗಿ ಸಿಂಪಡಿಸುತ್ತವೆಯೇ ಎಂದು ನೋಡುವುದೇ ಅವನ ಕೆಲಸ. ಹೆಂಡತಿ ತೀರಿಕೊಂಡ ಮೇಲೆ ಮಗಳು ಹೈಡ್ರುನ್‌ಳನ್ನು ಒಬ್ಬನೇ ಬೆಳೆಸಿದ. ಅವಳನ್ನು ಆ ಕವಾಟಗಳಿರುವ ತನ್ನ ಕಾರಿನಲ್ಲೇ ಚರ್ಚಿಗೆ ಕರೆದೊಯ್ಯಬೇಕೆಂದು ಅವನಿಗೆ ಆಸೆ. ಮಹಡಿಯ ಗೊಟ್‌ಲೋಬನದು ಗಾಳಿಯೇ ಪೆಟ್ರೋಲು ಎಳೆದುಕೊಳ್ಳುವ ಹಳೆಯ ಕಾರ್ಬ್ಯುರೇಟರ್ ಕಾರು. ಯಾವ ಕಾರು ಮೇಲು ಎಂದು ಇಬ್ಬರಿಗೂ ದಿನಾ ವಾದ.

ಹೈಡ್ರುನ್‌ಳ ಮದುವೆ ಶನಿವಾರ. ನಮ್ಮಲ್ಲಿ ಶನಿವಾರ ಕಾರು ತೊಳೆಯದವನು ಮನುಷ್ಯನೇ ಅಲ್ಲ. ಕಾರಿನಲ್ಲಿ ಹೋಗಿ ಹೂ ತಂದವನೇ ವೆಂಡೆಲಿನ್ ಅದನ್ನು ತೊಳೆದ. ಅದೂ ಸಾಲದೆಂದು ಮುಚ್ಚಳ ತೆಗೆದು ಎಂಜಿನ್ನನ್ನೂ ಬ್ರಷ್ಷಿನಿಂದ ಉಜ್ಜಿದ. ಆಮೇಲೆ ಮಗಳನ್ನು ಕೂರಿಸಿಕೊಂಡು ಕೀಲಿ ತಿರುಗಿಸಿದರೆ ಕಾರು ಕೆಮ್ಮಿತು, ಅಂಗಳದ ತುಂಬ ಕಪ್ಪು ಮಸಿ ಉಗುಳಿ ನಿಂತಿತು.

ಗೊಟ್‌ಲೋಬ್ ಕಿಟಕಿಯಿಂದ ತಲೆ ಹೊರಹಾಕಿದ. "ಏನೋ, ನಿನ್ನ ಪೆಟ್ಟಿಗೆ ಸಿಗರೇಟು ಕಲಿತಿದೆಯಾ? ನನ್ನ ಕಾರು-ಮುದುಕಿ ಎದ್ದು ಕೂತಿದಾಳೆ, ಅವಳ ಕೀಲಿ ಎಸೀಲಾ?"

"ಸುಮ್ನಿರೋ ಮಾರಾಯ."

"ಅಪ್ಪಾ, ಪಾದ್ರಿ ಕಾಯ್ತಿರ್ತಾರೆ," ಎಂದಳು ಹೈಡ್ರುನ್. "ನಿನ್ನ ಕವಾಟ ಸೋರ್ತಿದೆಯೇನೋ."

"ಸೋರಿದ್ರೆ ಸೋಮವಾರದಿಂದ ಕೆಲಸಕ್ಕೇ ಹೋಗಲ್ಲ."

"ಮತ್ತೆ? ಈಗ ತಾನೇ ಹೂ ತಂದಿದೀಯ, ಎಂಜಿನ್ ಬಿಸಿಯಾಗಿದೆ. ಯಾಕೆ ಇಷ್ಟು ಪೆಟ್ರೋಲು ಕುಡೀತಿದೆ?"

ವೆಂಡೆಲಿನ್ ಇಳಿದು ಹೋಗಿ ಮುಚ್ಚಳ ಎತ್ತಿ ಬಗ್ಗಿದ. ಸ್ವಲ್ಪ ಹೊತ್ತಿಗೆ ನಗುವ ಸದ್ದು ಕೇಳಿತು.

"ಬಿಸಿ ಹೇಳೋ ತಂತೀನ ನಾನೇ ಉಜ್ಜಿ ಕಿತ್ತಿದೀನಿ ಕಣೇ. ಸುದ್ದಿ ಬಾರದೆ ಪೆಟ್ಟಿಗೆ ಹಿಮ ಬಿದ್ದಿದೆ ಅಂದ್ಕೊಂಡು ಸುರೀತಾ ಇದೆ."

ತಂತಿಯ ತುದಿಯನ್ನು ಕರವಸ್ತ್ರದಿಂದ ಒರೆಸಿ ಸಿಕ್ಕಿಸಿದ. ಎರಡು ಸಲ ಕೆಮ್ಮಿದ ಕಾರು ಮೂರನೆಯ ಸಲಕ್ಕೆ ಹಾಲು ಕುಡಿದ ಬೆಕ್ಕಿನಂತೆ ಗುರುಗುಟ್ಟಿತು. ಗೊಟ್‌ಲೋಬನೂ ಚಪ್ಪಾಳೆ ತಟ್ಟಿದ.

ನಮ್ಮ ಕಟ್ಟಡದಲ್ಲಿ ವಾರಕ್ಕೊಂದು ಮನೆಯವರು ಅಂಗಳ ಗುಡಿಸಬೇಕು. ಆ ವಾರ ಸರದಿಯ ಹಲಗೆ ನೇತಾಡುತ್ತಿದ್ದದ್ದು ವೆಂಡೆಲಿನ್ ಮನೆಯ ಬಾಗಿಲಲ್ಲೇ. ಮದುವೆಯೂಟ ಮುಗಿಸಿ ಬಂದವನು ಕೋಟು ಕಳಚಿ ಬೇಲಿಗೆ ಹಾಕಿದ, ಪೊರಕೆ ಹಿಡಿದ.

"ಗೋಡೆ ಪಕ್ಕ ಇನ್ನೂ ಮಸಿ ಇದೆ ನೋಡು," ಎಂದ ಗೊಟ್‌ಲೋಬ್ ಕಿಟಕಿಯಿಂದ.

"ಕಾಣ್ತಿದೆ," ಎಂದು ವೆಂಡೆಲಿನ್ ಅಲ್ಲಿಗೂ ಹೋಗಿ ಗುಡಿಸಿದ.